ಬೋರಲು ಹಾಕಿದ ಚೆಂಬು

“ಅನುಮಾನ ಅಂತಲ್ಲ ಕೋನಾರೇ, ಒಂದ್ಸಲ ಚೆಂಬು ಬೋರಲು ಹಾಕಿ ತೋರಿಸಿಬಿಡಪ್ಪ,” ಎನ್ನುತ್ತಾ ಗೋಮತಿ ಮಾಮಿ ಜಗುಲಿಯ ಕಂಬಕ್ಕೆ ಒರಗಿ ಕೂತರು.

ಹಾಲು ಮಾರುವ ಸುಡಲೈಮುತ್ತು ಕೋನಾರ್ ಚೆಂಬನ್ನು ಬೋರಲು ಹಾಕಿ ಕೊಡವಿದ. ಒಂದು ಹನಿ ನೀರೂ ಬೀಳಲಿಲ್ಲ. ಬೆಳಗಾದರೆ ಹಸು ಹೊಡೆದುಕೊಂಡು ಮನೆ ಬಾಗಿಲಿಗೆ ಬರಬೇಕು, ಮನೆಯವರ ಕಣ್ಣೆದುರೇ ಕರೆಯಬೇಕು, ಅದಕ್ಕೂ ಮೊದಲು ತಳದಲ್ಲಿ ನೀರಿಲ್ಲವೆಂದು ಬರಿ ಚೆಂಬು ತೋರಿಸಬೇಕು. ತಲೆ ನರೆಯುವವರೆಗೂ ಇದೇ ಆಯಿತು. ‘ನಿನ್ನ ಮೇಲೆ ಅನುಮಾನ’ ಎಂದು ಈ ಬೀದಿಯಲ್ಲಿ ಒಬ್ಬರಾದರೂ ಬಾಯಿಬಿಟ್ಟು ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದ. ಎಲ್ಲರೂ ಅನ್ನುವುದು ‘ಅನುಮಾನ ಅಂತಲ್ಲ’ ಎಂದೇ. ಕೇಳಿ ಕೇಳಿ ಸಾಕಾಗಿಹೋಗಿತ್ತು.

“ಬೇಕಾದ್ರೆ ಪಂಚೆನೂ ಕೊಡವಿ ತೋರಿಸ್ಲಾ ತಾಯೀ?”

“ಥೂ, ಬೆಳಬೆಳಗ್ಗೆ ಏನು ಮಾತು! ಮೊಮ್ಮಗೂಗೆ ಕುಡಿಸೋ ಹಾಲಲ್ವಾ, ಅದಕ್ಕೆ ಅಂದೆ. ಮಗಳಿಗೆ ಜ್ವರ ಬಂದು ಎದೆಹಾಲೇ ನಿಂತುಹೋಗಿದೆ.” ಒಳಗೆ ಕೂಸು ಒಂದೇ ಸಮನೆ ಅಳುತ್ತಿತ್ತು.

ಕೋನಾರ್ ಹೆಗಲ ಮೇಲಿನ ಕರುವನ್ನು ಇಳಿಸಿ ಹಸು ಸೆವ್ವಂದಿಯ ಮುಂದೆ ನಿಲ್ಲಿಸಿದ. ಕರು ಎಂದರೆ ಎಂಥ ಕರು! ಮೇಲೆ ಚರ್ಮ, ಒಳಗೆ ಹುಲ್ಲು, ಕೆಳಗೆ ನಾಲ್ಕು ಕೋಲು. ಕರು ಭೇದಿ ಹತ್ತಿ ಸತ್ತ ದಿನ ಬೇರೆ ದಾರಿ ಕಾಣದೆ ಅದರ ಚರ್ಮ ಸುಲಿಸಿ ಹುಲ್ಲು ತುಂಬಿಸಿದ್ದ. ಕರು ಎದುರಿಗಿಲ್ಲದೆ ಹಸು ಹಾಲು ಬಿಡುವುದಿಲ್ಲ. ಹಾಲು ಬತ್ತಿದರೆ ಮಾರಬೇಕು, ಕೊಳ್ಳುವವನು ಕಟುಕನೇ.

“ನಿಮಗೆ ಒಂದು ದಿನಾನೂ ಮೋಸ ಮಾಡಿಲ್ಲ, ನೀವು ದಿನಾ ಚೆಂಬು ನೋಡ್ತೀರಿ,” ಎಂದ ಅವನು, ಮಾಮಿ ತಂದಿಟ್ಟ ನೀರನ್ನು ಕೆಚ್ಚಲಿಗೆ ಚಿಮುಕಿಸುತ್ತಾ. “ಇವಳಿಗೆ ದಿನಾ ಮೋಸ ಮಾಡ್ತಿದೀನಿ. ಪಾಪ, ಏನೂ ಕೇಳದೆ ಈ ಹುಲ್ಲನ್ನ ನೆಕ್ತಾಳೆ.”



ಸೆವ್ವಂದಿ ಕರುವಿನ ಕಿವಿ ಮೂಸಿತು, ಬೆನ್ನು ಮೂಸಿತು. ಇಷ್ಟು ದಿನ ಚರ್ಮಕ್ಕೆ ಅಂಟಿಕೊಂಡಿದ್ದ ಕರುವಿನ ವಾಸನೆ ಆರಿಹೋಗಿತ್ತೋ ಏನೋ. ನೆಕ್ಕಲು ಚಾಚಿದ ನಾಲಿಗೆಯನ್ನು ಒಳಗೆಳೆದುಕೊಂಡು ಹಿಂದೆ ಸರಿಯಿತು. ಕತ್ತು ತಿರುಗಿಸಿ ಅವನನ್ನೇ ನೋಡಿತು. ಅವನು ಕೆಚ್ಚಲು ನೀವಿದ, ಮೊಲೆ ಎಳೆದ, ಹೆಸರು ಹಿಡಿದು ಬೇಡಿಕೊಂಡ. ಒಂದು ತೊಟ್ಟು ಹಾಲು ಇಳಿಯಲಿಲ್ಲ.

“ಅಯ್ಯೋ, ಏನಾಯ್ತು ಕೋನಾರೇ?” ಮಾಮಿ ಎದ್ದು ನಿಂತರು. ಒಳಗೆ ಕೂಸಿನ ಅಳು ಇನ್ನೂ ಜೋರಾಯಿತು.

“ಗೊತ್ತಾಗೋಯ್ತಮ್ಮಾ ಅವಳಿಗೆ.”

ಕೋನಾರ್ ಸೊಂಟ ಹಿಡಿದುಕೊಂಡು ಮೆಲ್ಲನೆ ಎದ್ದ. ಹಸುವಿನ ಮುಖದೆದುರು ಹೋಗಿ ನಿಂತ. ಏನು ಹೇಳಬೇಕೋ ತೋಚದೆ, ಕೈಯಲ್ಲಿದ್ದ ಬರಿ ಚೆಂಬನ್ನು ಬೋರಲು ಹಾಕಿ ಅದಕ್ಕೆ ತೋರಿಸಿದ.