ಟೇಪ್‌ರೆಕಾರ್ಡರ್‌ಗೆ ಬಿಟ್ಟ ಎಣ್ಣೆ

ಮೇಘಾ, ಸುಹಾಸ, ಇವತ್ತು ಬಾಟಲಿಯ ತಳದಲ್ಲಿ ಹಳಸಿದ ಕೊಬ್ಬರಿ ಎಣ್ಣೆಯ ಕಮಟು ಮೂಗಿಗೆ ಬಡಿದು, ನನಗೆ ನಮ್ಮೂರು ಹಾರವಾಡದ ಒಂದು ಮಧ್ಯಾಹ್ನ ನೆನಪಾಯಿತು.

ನಮ್ಮ ಮನೆಯಲ್ಲಿ ಟೇಪ್‌ರೆಕಾರ್ಡರ್ ಎಂದರೆ ಎಲ್ಲರಿಗೂ ಜೀವ. ಗದ್ದೆಯಲ್ಲಿ ಬಿಟ್ಟರೆ ಪರರೆದುರು ಬಾಯಿ ಬಿಡದ ನನ್ನ ಅಜ್ಜಿ ಅದರ ಮುಂದೆ ಒಮ್ಮೆ ನಾಟಿಯ ಹಾಡು ಹಾಡಿದ್ದಳು. ಕಡಲಿನ ಉಪ್ಪುಗಾಳಿಗೆ ಯಂತ್ರ ಕಿರುಗುಟ್ಟತೊಡಗಿದಾಗ ಅಪ್ಪ, "ಬಾವಿ ರಾಟೆಗೆ ಎಣ್ಣೆ ಬಿಡೂದಿಲ್ವಾ? ಇದೂ ತಿರುಗೂದೇ ಅಲ್ವಾ," ಎಂದು ಕೊಬ್ಬರಿ ಎಣ್ಣೆ ಸುರಿದರು.

ಮಳೆಗಾಲ ಕಳೆದ ಮೇಲೆ ಅಜ್ಜಿಯ ಹಾಡು ಕೇಳಲು ಗುಂಡಿ ಒತ್ತಿದೆವು. ಅವಳ ದನಿ ಎಮ್ಮೆ ನರಳಿದ ಹಾಗೆ ಎಳೆದು ನಿಂತುಬಿಟ್ಟಿತು. ಮುಚ್ಚಳ ತೆಗೆದರೆ ಹಳದಿ ಜಿಡ್ಡು, ಅದರಲ್ಲಿ ಅಂಟಿ ಸತ್ತ ಜಿರಲೆಮರಿಗಳು, ಅವಕ್ಕೆ ಸುತ್ತಿಕೊಂಡ ಟೇಪು. ಅಪ್ಪ ಎಳೆದಾಗ ಅದು ಮೀನಿನ ಕರುಳಿನ ಹಾಗೆ ಜಾರಿ ಬಂದು ತುಂಡಾಯಿತು.

"ಇನ್ನೊಂದ್ಸಲ ಹಾಡು ಆಯಿ, ಬೇರೆ ಕ್ಯಾಸೆಟ್ ತರ್ತೆ," ಎಂದರು ಅಪ್ಪ.

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿದಳು. "ಥೂ, ಆ ಹೊಲಸು ಬಾಯಿಗೆ ನನ್ನ ಹಾಡು ಮತ್ತೆ ಹಾಕೂದಿಲ್ಲ."

ಆಮೇಲೆ ಅವಳು ಗದ್ದೆಯಲ್ಲಿಯೂ ಹಾಡಲಿಲ್ಲ.

ಅವಳ ಹಾಡಿನ ನೆನಪಿರುವಷ್ಟು ಸಾಲು ಈ ಪತ್ರದ ಹಾಳೆಗಳ ಹಿಂದೆ ಬರೆದಿದ್ದೇನೆ. ಉಪ್ಪುಗಾಳಿ ತಾಗದಂತೆ, ಎಣ್ಣೆಗೈ ಸೋಕದಂತೆ ಇಟ್ಟುಕೊಳ್ಳಿ, ಮಕ್ಕಳೇ.