ಮೂರನೆಯ ಮಾತು

“ಹೇಳು ನೋಡೋಣ, ಮಾತ್ರೆ ಹೇಗೆ ತಗೋಬೇಕು?” ಸಿಸ್ಟರ್ ಮಂಚದ ತುದಿಗೆ ಕೂತು ಕೇಳಿದಳು. ಮನೋರೋಗದ ವಾರ್ಡಿನಲ್ಲಿ ಅದೇ ಪದ್ಧತಿ: ರೋಗಿ ತನ್ನ ಬಾಯಲ್ಲೇ ಪಾಠ ಒಪ್ಪಿಸಬೇಕು, ಆಮೇಲೇ ಡಿಸ್ಚಾರ್ಜು.

ಮಂಚದ ಮೇಲಿದ್ದ ವೆಲ್ಡರ್ ಬೆರಳು ಮಡಚಿದ. “ಒಂದು, ಎಣ್ಣೆ ಮುಟ್ಟೋ ಹಾಗಿಲ್ಲ. ಎರಡು, ಮಂಪರಿದ್ದಾಗ ಮೆಷಿನ್ ಮುಟ್ಟೋ ಹಾಗಿಲ್ಲ. ಮೂರು, ಎದೆ ಢವಢವ ನಿಂತ ಕೂಡ್ಲೇ ಮಾತ್ರೇನೂ ನಿಲ್ಲಿಸಿಬಿಡ್ಬೇಕು.”

“ಅಯ್ಯೋ ದೇವರೇ! ದಿಢೀರ್ ಅಂತ ನಿಲ್ಲಿಸಿದ್ರೆ ಭಯ ದುಪ್ಪಟ್ಟಾಗಿ ವಾಪಸ್ ಬರುತ್ತೆ ಕಣಪ್ಪಾ. ಡಾಕ್ಟ್ರು ಹೇಳಿದ ಹಾಗೆ ನಿಧಾನಕ್ಕೆ ಇಳಿಸ್ಬೇಕು. ನಿನ್ನೆಯೂ ಬಡ್ಕೊಂಡೆ. ತಲೇಲಿ ಏನಿದೆ, ಮಣ್ಣಾ?” ಬೈಯುತ್ತಲೇ ಮೊದಲಿನಿಂದ ಶುರು ಮಾಡಿದಳು. ಅವನು ಅವಳ ಮುಖವನ್ನೇ ನೋಡುತ್ತ ಕೂತ.

ಸಂಜೆ ಪಕ್ಕದ ಮಂಚದ ತಾತ ಗೊಣಗಿದ. “ಗೆಲುವಾಗಿದೀನಿ. ನಾಳೆಯಿಂದ ಈ ಮಾತ್ರೆ ನಂಗೆ ಬೇಡ.”

ವೆಲ್ಡರ್ ಎದ್ದೇಬಿಟ್ಟ. “ತಾತಾ, ಹುಚ್ಚಾಟ ಆಡ್ಬೇಡಿ! ನೀವಾಗೇ ನಿಲ್ಲಿಸ್ಬಾರದು. ಡಾಕ್ಟ್ರನ್ನ ಕೇಳಿ ನಿಧಾನಕ್ಕೆ ಇಳಿಸ್ಬೇಕು.”

ಬಾಗಿಲಲ್ಲಿ ಔಷಧಿ ಟ್ರೇ ಹಿಡಿದು ಸಿಸ್ಟರ್ ನಿಂತಿದ್ದಳು. “ಕಳ್ಳ! ಎಲ್ಲಾ ಬರುತ್ತೆ ನಿಂಗೆ.”

ಅವನು ತಲೆ ತಗ್ಗಿಸಿದ. “ಸರಿಯಾಗಿ ಹೇಳಿದ್ರೆ ಮನೆಗೆ ಕಳಿಸ್ತೀರಲ್ಲ ಸಿಸ್ಟರ್.”

“ಮನೇಲಿ ಯಾರಿದಾರೆ?”

“ಟೇಬಲ್ ಫ್ಯಾನಿದೆ. ಏನು ಹೇಳಿದ್ರೂ ಇಲ್ಲ ಇಲ್ಲ ಅಂತ ತಲೆ ಆಡಿಸುತ್ತೆ.”

ಅವಳು ನಗಲಿಲ್ಲ. “ಮುಂದಿನ ವಾರ ಮಾತ್ರೆಗೆ ಬರ್ತೀಯಲ್ಲ, ಮತ್ತೆ ಕೇಳ್ತೀನಿ,” ಅಂದು ಡಿಸ್ಚಾರ್ಜು ಚೀಟಿಗೆ ಸಹಿ ಹಾಕಿದಳು.

ವಾರ ಬಿಟ್ಟು ಅವನು ಹೋದರೆ ಮಾತ್ರೆ ಕೊಡುವ ಕಿಟಕಿಯಲ್ಲಿ ಬೇರೆ ಯಾರೋ. ಸಿಸ್ಟರನ್ನು ಇನ್ನೆಲ್ಲಿಗೋ ಎತ್ತಿ ಹಾಕಿದ್ದರಂತೆ. ಎತ್ತಿ ಹಾಕುವವರಿಗೇನು, ಇಲ್ಲಿ ಒಬ್ಬ ಪಾಠ ಒಪ್ಪಿಸಲು ಬರುತ್ತಾನೆಂದು ಗೊತ್ತೇ? ಹೊಸಬ ಪೊಟ್ಟಣದ ಜೊತೆ ಅಚ್ಚು ಹಾಕಿದ ಹಾಳೆಯೊಂದನ್ನು ತಳ್ಳಿದ.

“ಎಲ್ಲಾ ಇದರಲ್ಲಿದೆ. ಓದ್ಕೊ.”

“ನೀವು ಕೇಳಲ್ವಾ?”

“ಕೇಳೋದೇನು? ಪಕ್ಕಕ್ಕೆ ಸರಿಯಪ್ಪಾ. ನೆಕ್ಸ್ಟ್!”

ಹೊರಗೆ ಬೆಂಚಿನ ಮೇಲೆ ಕೂತು ಬೆರಳು ಮಡಚಿದ. ಒಂದು, ಎರಡು ಸರಿಯಾಗಿಯೇ ಹೇಳಿದ. ಮೂರನೆಯದನ್ನು ಬೇಕಂತಲೇ ತಪ್ಪಾಗಿ, ತುಸು ಜೋರಾಗಿಯೇ ಹೇಳಿ, ಮುಖ ಎತ್ತಿ ಕಾದ.

ಬೆಂಚಿನ ಆ ತುದಿಯಲ್ಲಿದ್ದವನು ತನ್ನ ಚೀಲವನ್ನು ಹತ್ತಿರ ಎಳೆದುಕೊಂಡ.