ಸ್ವಇಚ್ಛೆಯಿಂದ

ಕೆಂಪು ಮಸಿಯ ಡಬ್ಬಿ ಹತ್ತಿರ ಬಂದ ಕೂಡಲೇ ಯೂ ಚಾಯ್‌ಲಿಯೆನ್ ಮುದುಕಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಒತ್ತು ಅಜ್ಜಿ, ಒತ್ತು. ಇಡೀ ಹಳ್ಳಿಗೆ ನಿಂದೊಂದೇ ಬಾಕಿ," ಎಂದ ಅಧಿಕಾರಿ ನಿಯೆ. ಸತ್ತವರನ್ನು ಇನ್ನು ಸುಡಲೇಬೇಕು, ಮುಪ್ಪಿನವರು ಮನೆಯಲ್ಲಿ ಮಾಡಿಸಿಟ್ಟುಕೊಂಡ ಶವಪೆಟ್ಟಿಗೆಗಳನ್ನು ಒಪ್ಪಿಸಬೇಕು ಎಂದು ಹೊಸ ನಿಯಮ ಬಂದು ತಿಂಗಳಾಗಿತ್ತು. ಕಚೇರಿಯ ಹಿತ್ತಿಲಲ್ಲಿ ಪೆಟ್ಟಿಗೆಗಳು ಒಂದರ ಮೇಲೊಂದು ಬಿದ್ದಿದ್ದವು. ಒಪ್ಪಿಗೆ ಪತ್ರಗಳ ಮೇಲೆ ಎಲ್ಲರ ಹೆಬ್ಬೆಟ್ಟೂ ಬಿದ್ದರೆ ಮಧ್ಯಾಹ್ನ ಅವನ್ನು ಪುಡಿಮಾಡುವ ಯಂತ್ರ ಶುರುವಾಗುವುದಿತ್ತು. ಯೂ ಮುದುಕಿಯ ಪೆಟ್ಟಿಗೆ ಕಿಟಕಿಯಿಂದಲೇ ಕಾಣುತ್ತಿತ್ತು. ಬಡಗಿಯಾಗಿದ್ದ ಗಂಡ ಅವಳ ಅರವತ್ತನೇ ವರ್ಷಕ್ಕೆ ಮಾಡಿಕೊಟ್ಟದ್ದು ಅದು. ಅವನು ಹೋದ ಮೇಲೂ ವರ್ಷ ತಪ್ಪದೆ ಅವಳೇ ಅದಕ್ಕೆ ಮೆರುಗೆಣ್ಣೆ ಬಳಿಯುತ್ತ ಬಂದಿದ್ದಳು.

"ಏನು ಬರ್ದಿದ್ದೀರಿ ಅಂತ ಗೊತ್ತಿಲ್ದೆ ಹೆಂಗೆ ಒತ್ತಲಿ?"

"ನೀ ಹೇಳಿದ್ದನ್ನೇ ಗಾನ್ ಅಕ್ಕ ಬರ್ದಿದ್ದಾರೆ."

"ಹಂಗಾದ್ರೆ ಓದೋಕೇನು ಕಷ್ಟ?" ಮುದುಕಿ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಒಪ್ಪಿಸತೊಡಗಿದಳು. "'ಹೇಳಿಕೆ ಕೊಟ್ಟವರಿಗೆ ಓದಲು ಬಾರದಿದ್ದಲ್ಲಿ ಅದನ್ನು ಅವರಿಗೆ ಓದಿ ಹೇಳತಕ್ಕದ್ದು. ತಪ್ಪಿದ್ದಲ್ಲಿ ತಿದ್ದತಕ್ಕದ್ದು...' ಇಲ್ಲಿ ನೀವು ಒಂದ್ಸಲ ಕೆಮ್ಮಿದ್ರಿ ಸಾಹೇಬ್ರೆ. '...ತಿದ್ದಿದ ಕಡೆಯೆಲ್ಲ ಬೆರಳು ಒತ್ತಿಸತಕ್ಕದ್ದು.'"

ಗುಮಾಸ್ತೆ ಗಾನ್ ನಗು ತಡೆಯಲು ಚಹಾದ ಲೋಟ ಎತ್ತಿಕೊಂಡಳು. ದಿನಾ ಬೆಳಿಗ್ಗೆ ಆರಕ್ಕೆ ಹಳ್ಳಿಯ ಧ್ವನಿವರ್ಧಕದಲ್ಲಿ ಕಾನೂನು ಓದುತ್ತಿದ್ದವನು ನಿಯೆಯೇ. ಯಾರೂ ಕೇಳುವುದಿಲ್ಲ ಎಂದೇ ಅವನು ನಂಬಿದ್ದ. ಆದರೆ ಈ ಮುದುಕಿ ಕೇಳುತ್ತಿದ್ದಳು. ಅಕ್ಷರ ಕಲಿತವಳಲ್ಲ. ಡೋಲು ಬಡಿದು ಕಥೆ ಹಾಡುವವರ ಮುಂದೆ ಹುಡುಗಿಯಾಗಿದ್ದಾಗಿನಿಂದ ಕೂತು ಕೂತು ಸಾವಿರಾರು ಸಾಲನ್ನು ಕಿವಿಯಿಂದಲೇ ಕುಡಿದವಳು. ದೇವರ ಕಥೆಯೂ ಸರಕಾರದ ಕಾನೂನೂ ಅವಳೊಳಗೆ ಒಂದೇ ಬಾಗಿಲಿನಿಂದ ಬಂದಿದ್ದವು.

ನಿಯೆ ಕೈ ಬೀಸಿದ. ಗಾನ್ ಓದಿದಳು: "ಯೂ ಚಾಯ್‌ಲಿಯೆನ್ ಎಂಬ ನಾನು, ಎಪ್ಪತ್ತೊಂಬತ್ತು ವರ್ಷದವಳು, ನಿಯಮದ ಮಹತ್ವವನ್ನು ಅರಿತು, ಸ್ವಇಚ್ಛೆಯಿಂದ, ಸಂತೋಷವಾಗಿ..."

"ನಿಲ್ಸು ತಾಯಿ. ಈ ಸ್ವಇಚ್ಛೆ ಅನ್ನೋಳು ಯಾರ ಪೈಕಿ? ನಮ್ಮನೆ ಹೊಸ್ತಿಲು ತುಳಿದೇ ಇಲ್ಲ ಅವಳು."

"ಮತ್ತೇನು ಬರೀಲಿ ದೊಡ್ಡಮ್ಮ?"

"ನಾ ಹೇಳಿದ್ದು ಬರಿ. ನಿಮ್ಮ ಕಚೇರಿಯಿಂದ ನಾಲ್ಕು ಜನ ಬಂದ್ರು. ನಾನು ಹೋಗಿ ಪೆಟ್ಟಿಗೆ ಒಳಗೆ ಮಲಗ್ದೆ. ಇಬ್ರು ಕಾಲು ಹಿಡಿದ್ರು, ಇಬ್ರು ತೋಳು ಹಿಡಿದ್ರು. ಎತ್ತಿ ಅಂಗಳದಲ್ಲಿ ಇಟ್ರು. ಒಂದು ಚಪ್ಪಲಿ ಪೆಟ್ಟಿಗೆಯಲ್ಲೇ ಉಳೀತು. ಅದನ್ನೂ ಬರಿ."

"ಚಪ್ಪಲಿ ಕಥೆ ಯಾಕೆ ಈಗ?" ನಿಯೆ ಮೇಜು ಕುಟ್ಟಿದ.

"ಹೋಗಿ ನೋಡ್ಕೊಂಡು ಬನ್ನಿ, ಇನ್ನೂ ಅಲ್ಲೇ ಇದೆ. ಸಂತೋಷವಾಗಿ ಕೊಟ್ಟೋಳು ಒಂದು ಚಪ್ಪಲೀನಾ ಒಳಗೆ ಬಿಟ್ಟು ಕೊಡ್ತಾಳಾ?"

ಗಾನ್ 'ಸಂತೋಷವಾಗಿ' ಎಂಬುದನ್ನು ಹೊಡೆದುಹಾಕಿದಳು. ಮುದುಕಿ ತಾನೇ ಡಬ್ಬಿ ಎಳೆದುಕೊಂಡು ಆ ತಿದ್ದಿದ ಜಾಗದ ಮೇಲೆ ಹೆಬ್ಬೆರಳು ಒತ್ತಿದಳು. 'ಸ್ವಇಚ್ಛೆಯಿಂದ' ಹೋಯಿತು, ಇನ್ನೊಂದು ಒತ್ತು. 'ಮಹತ್ವವನ್ನು ಅರಿತು' ಹೋಯಿತು, ಮತ್ತೊಂದು. ನಾಲ್ಕು ಜನ ಬಂದರು, ಕಾಲು, ತೋಳು, ಚಪ್ಪಲಿ ಒಂದೊಂದಾಗಿ ಒಳಗೆ ಸೇರಿದವು. ಕೊನೆಗೆ ಮೊದಲಿನಿಂದ ಇನ್ನೊಮ್ಮೆ ಓದಿಸಿಕೊಂಡು, ತುಟಿ ಅಲುಗಿಸುತ್ತ ಕೇಳಿ, "ಈಗ ಇದು ನನ್ನ ಬಾಯಿ," ಎಂದಳು.

ನಿಯೆ ಹಾಳೆ ಕಿತ್ತುಕೊಂಡು ನೋಡಿದ. ಅದು ಒಪ್ಪಿಗೆಯಾಗಿ ಉಳಿದಿರಲಿಲ್ಲ. ತನ್ನದೇ ಕಚೇರಿಯ ಮೊಹರಿನ ಕೆಳಗೆ ತನ್ನ ಮೇಲೇ ಬರೆದ ದೂರಾಗಿತ್ತು. ಅದನ್ನು ನಾಲ್ಕು ಚೂರು ಮಾಡಿದ. "ಗಾನ್ ಅಕ್ಕ, 'ಬೆರಳು ಒತ್ತಲು ನಿರಾಕರಿಸಿದರು' ಅಂತ ಒಂದೇ ಸಾಲು ಬರೀರಿ. ಅಷ್ಟು ಸಾಕು, ಯಂತ್ರದವನಿಗೆ ಹೇಳ್ಬಹುದು."

ಗಾನ್ ಬರೆಯಲಿಲ್ಲ. ಮುದುಕಿಯ ಹೆಬ್ಬೆರಳಿನ ಕೆಂಪನ್ನೇ ನೋಡುತ್ತಿದ್ದಳು.

"ಹರೀರಿ ಸಾಹೇಬ್ರೆ, ಕಾಗದ ನಿಮ್ದು," ಎಂದಳು ಯೂ ಮುದುಕಿ. "ನಾನು ಎರಡು ಸಲ ಕೇಳಿದ್ದೀನಿ. ನನಗೆ ಅಷ್ಟು ಸಾಕು."

ಕುರ್ಚಿಯನ್ನು ತೆರೆದ ಬಾಗಿಲ ಕಡೆ ತಿರುಗಿಸಿಕೊಂಡಳು. ಬೆರಳ ಗೆಣ್ಣುಗಳಿಂದ ಮೇಜಿನ ಮೇಲೆ ತಾಳ ಹಾಕಿ, ಡೋಲಿನವರು ಹಾಡು ಎತ್ತಿಕೊಳ್ಳುವಂತೆ ನಿಧಾನವಾಗಿ ಎತ್ತಿಕೊಂಡಳು: "ಯೂ ಚಾಯ್‌ಲಿಯೆನ್ ಎಂಬ ನಾನು, ಎಪ್ಪತ್ತೊಂಬತ್ತು ವರ್ಷದವಳು..." ಒಂದಕ್ಷರ ಆಚೀಚೆಯಾಗಲಿಲ್ಲ. ಹೊರಗೆ ಬೆಂಚಿನ ಮೇಲೆ, ಬೆಳಿಗ್ಗೆಯೇ ಹೆಬ್ಬೆಟ್ಟು ಒತ್ತಿ ಕೂತಿದ್ದ ಮುದುಕ ಮುದುಕಿಯರ ಮಾತು ನಿಂತಿತು. ಇಬ್ಬರು ಕಾಲು ಹಿಡಿದರು, ಇಬ್ಬರು ತೋಳು ಹಿಡಿದರು ಎಂಬಲ್ಲಿಗೆ ಬರುವಷ್ಟರಲ್ಲಿ ಒಡಕು ದನಿಯೊಂದು ನಡುವೆ ಬಾಯಿ ಹಾಕಿತು.

"ನಿನ್ನನ್ನಾದ್ರೂ ಎತ್ತಿದ್ರು ತಂಗಿ. ನನ್ನನ್ನ ಪೆಟ್ಟಿಗೆ ಓರೆ ಮಾಡಿ ಉರುಳಿಸಿಬಿಟ್ರು, ಮೂಲಂಗಿ ಹಂಗೆ."

ಮೇಲಿನ ಕೇರಿಯ ಲುವೊ ಮುದುಕ ಊರುಗೋಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ.

"ಬಾಗಿಲು ಹಾಕಿ!" ನಿಯೆ ಕೂಗಿದ.

ಗಾನ್ ಎದ್ದಳು. ಬಾಗಿಲ ತನಕ ಹೋದಳು. ತನ್ನ ಕುರ್ಚಿಯನ್ನು ಅಲ್ಲಿಗೆ ಎಳೆದು ಮುದುಕನನ್ನು ಕೂರಿಸಿ, ತಾನು ಹೊಸ್ತಿಲ ಮೇಲೆ ಕೂತು, ಹೊಸ ಹಾಳೆಯನ್ನು ಮೊಣಕಾಲ ಮೇಲೆ ಹರವಿಕೊಂಡು ಕೇಳಿದಳು:

"ಉರುಳಿಸಿದ್ದು ಯಾವ ಕಡೆಗೆ ಅಜ್ಜ, ಎಡಕ್ಕೋ, ಬಲಕ್ಕೋ?"